ಮಾರುವುದಕ್ಕಲ್ಲದ ಬ್ರೆಡ್ಡು

ಮನೆಯಲ್ಲಿ ಮಾಡಿದ ಬ್ರೆಡ್ಡನ್ನು ಯಾರ ಕೈಗಾದರೂ ಇಟ್ಟರೆ ಮೊದಲು ಬರುವ ಮಾತು, "ಚೆನ್ನಾಗೈತ್ರಿ." ಅದರ ಹಿಂದೆಯೇ ಬರುವ ಮಾತು, "ಇದನ್ನ ಮಾರಬಹುದಲ್ರೀ?" ಈ ಎರಡನೆಯ ಮಾತಿನ ಬಗ್ಗೆಯೇ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ನಮ್ಮ ದಾವಣಗೆರೆ ವ್ಯಾಪಾರದ ಊರು. ಹತ್ತಿ ಗಿರಣಿಗಳಿದ್ದ ಕಾಲದಿಂದ ಇವತ್ತಿನ ಮೆಕ್ಕೆಜೋಳದ ಮಾರುಕಟ್ಟೆಯವರೆಗೆ, ಒಂದು ಮಾಲು ಚೆನ್ನಾಗಿದೆ ಅಂದರೆ ಅದಕ್ಕೊಂದು ಧಾರಣೆ ಇರಬೇಕು ಅನ್ನುವುದು ಇಲ್ಲಿ ರಕ್ತಗತ. ನಾನೂ ಚೌಕಿಪೇಟೆಯ ಕಡೆ ಜವಳಿ ಅಂಗಡಿ ಇಟ್ಟವನೇ. ನಮ್ಮ ತಂದೆಯ ಕಾಲದ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ ರಾತ್ರಿ ಗಲ್ಲಾ ಎಣಿಸುವವರೆಗೆ ನನ್ನ ಬಾಯಲ್ಲಿ ಬರುವುದೆಲ್ಲ ಬೆಲೆಯೇ. ಆದ್ದರಿಂದಲೇ ಈ ಪ್ರಶ್ನೆಗೆ ಉತ್ತರ ಹೇಳುವ ಹಕ್ಕು ನನಗೆ ಸ್ವಲ್ಪ ಹೆಚ್ಚಿದೆ ಅಂದುಕೊಂಡಿದ್ದೇನೆ.

ಒಂದು ವಸ್ತುವಿಗೆ ಬೆಲೆ ಕಟ್ಟಿದಿರಿ ಅಂದರೆ ಏನಾಗುತ್ತದೆ? ಕೊಳ್ಳುವವರಿಗೆ ಒಂದು ಹಕ್ಕು ಬರುತ್ತದೆ. ನಿನ್ನೆಯ ಹಾಗೇ ಇವತ್ತೂ ಇರಬೇಕು, ಹೇಳಿದ ಹೊತ್ತಿಗೆ ಸಿಗಬೇಕು, ತೂಕ ಕಡಿಮೆ ಆಗಬಾರದು. ಇದು ನ್ಯಾಯವೇ. ನನ್ನ ಅಂಗಡಿಗೆ ಬಂದವರಿಗೆ ನಾನು ಕೊಡಬೇಕಾದ್ದೂ ಇದನ್ನೇ. ನಮ್ಮ ಊರಿನಲ್ಲಿ ಎಷ್ಟೋ ಹೆಣ್ಣುಮಕ್ಕಳು ಮನೆಯಿಂದಲೇ ಹುಟ್ಟುಹಬ್ಬದ ಕೇಕು ಮಾಡಿ ಮಾರುತ್ತಾರೆ, ಅದಕ್ಕೆ ಬೇಕಾದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸುತ್ತಾರೆ, ರಾತ್ರಿ ಹನ್ನೊಂದಕ್ಕೆ ಬಂದ ಆರ್ಡರನ್ನೂ ಬೆಳಿಗ್ಗೆ ಮುಟ್ಟಿಸುತ್ತಾರೆ. ಅದು ದುಡಿಮೆ. ಅವರ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ನಾನು ಇಲ್ಲಿ ಹೇಳಹೊರಟಿದ್ದು ದುಡಿಮೆ ಮುಗಿದ ಮೇಲೆ ಮಾಡುವ ಕೆಲಸದ ವಿಷಯ. ಭಾನುವಾರ ಮಧ್ಯಾಹ್ನ, ಯಾರೂ ಕೇಳದೆ, ಯಾರೂ ಕಾಯದೆ ಇರುವಾಗ ಹಿಟ್ಟು ಕಲಸಲು ಕೂರುವ ಸುಖದ ವಿಷಯ.

ಬೇಕಿಂಗ್ ಅಂದ ತಕ್ಷಣ ನಮ್ಮಲ್ಲಿ ಕೆಲವರಿಗೆ ಅದು ದೂರದ್ದು ಅನ್ನಿಸುತ್ತದೆ. ಅದು ಪರದೇಶದ್ದು, ಟಿವಿಯಲ್ಲಿ ಬಿಳಿ ಟೋಪಿ ಹಾಕಿಕೊಂಡು ಮಾಡುವಂಥದ್ದು ಅಂತ. ನಾನು ಹೇಳುತ್ತೇನೆ, ಶಾಖದ ವಿದ್ಯೆ ಗೊತ್ತಿರುವ ಊರು ಕರ್ನಾಟಕದಲ್ಲಿ ಯಾವುದಾದರೂ ಇದ್ದರೆ ಅದು ನಮ್ಮದು. ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ? ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ತಾಗಿಸಿ, ಕಾದ ಮರಳಿಗೆ ಹಾಕುತ್ತಾರೆ. ಕಾಳಿನೊಳಗಿನ ತೇವ ಒಂದೇ ಸಲಕ್ಕೆ ಆವಿಯಾಗುತ್ತದೆ, ಹೊರಗೆ ಬರಲು ದಾರಿ ಸಾಲದೆ ಕಾಳನ್ನೇ ಅರಳಿಸುತ್ತದೆ. ಕೆಲವೇ ಕ್ಷಣಗಳ ಕೆಲಸ. ಒಂದು ಗಳಿಗೆ ಹೆಚ್ಚಾದರೆ ಕರಕಲು, ಒಂದು ಗಳಿಗೆ ಕಡಿಮೆಯಾದರೆ ಗಟ್ಟಿ ಕಾಳು. ಅಲ್ಲಿ ದುಡಿಯುವವರ ಕಣ್ಣಿಗೆ ಯಾವ ಥರ್ಮಾಮೀಟರೂ ಸಮವಲ್ಲ. ಇನ್ನು ಬೆಣ್ಣೆ ದೋಸೆ. ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬುವುದು, ಸೌದೆ ಒಲೆಯ ಮೇಲೆ ದಪ್ಪ ಕಾವಲಿ ಇಡುವುದು, ಕಾವಲಿಯ ಯಾವ ಮೂಲೆ ಎಷ್ಟು ಕಾದಿದೆ ಅಂತ ನೀರು ಚಿಮುಕಿಸಿ ತಿಳಿಯುವುದು. ಇದೆಲ್ಲ ಗೊತ್ತಿದ್ದವರಿಗೆ ಒಂದು ಪೆಟ್ಟಿಗೆಯೊಳಗೆ ಕಾವು ತುಂಬಿಸಿ ಬೇಯಿಸುವುದು ಅಪರಿಚಿತ ವಿದ್ಯೆ ಹೇಗಾದೀತು?

ಮೊಟ್ಟೆ ಮುಟ್ಟದ ಮನೆಗಳಿಗೂ ಬೇಕರಿ ಹೊಸದಲ್ಲ. ಹಾಸನದ ಕಡೆಯ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿಗೆ ಬಂದು ಬೇಕರಿ ಇಟ್ಟ ಕಥೆ ನಿಮಗೆ ಗೊತ್ತಿರಬಹುದು. 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾದ ಬಿ.ಬಿ. ಬೇಕರಿಯನ್ನು ಆ ಪರಂಪರೆಯ ಮೊದಲ ಅಂಗಡಿ ಎನ್ನುತ್ತಾರೆ. ಅಲ್ಲಿಂದ ಮುಂದೆ ಊರೂರಿಗೂ ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಮೇಲೆ ಜಾಮ್ ಸವರಿ ಕೊಬ್ಬರಿ ಉದುರಿಸಿದ ಹನಿ ಕೇಕು ಬಂದವು. ಖಾರಾ ಬನ್ನಿನ ಬಗ್ಗೆ ನನಗೆ ವಿಶೇಷ ಅಭಿಮಾನ. ಬ್ರೆಡ್ಡಿನ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಹಾಕಬಹುದು ಅಂತ ಮೊದಲು ಯೋಚಿಸಿದ ಆ ತಲೆಗೆ ನಮಸ್ಕಾರ ಮಾಡಬೇಕು. ಹೊರಗಿನ ವಿದ್ಯೆಯನ್ನು ನಮ್ಮ ನಾಲಿಗೆಗೆ ಒಗ್ಗಿಸಿಕೊಂಡ ರೀತಿ ಅದು. ನಾವು ಚಿಕ್ಕವರಿದ್ದಾಗ ಮನೆಗೆ ಬ್ರೆಡ್ಡು ಬಂತು ಅಂದರೆ ಯಾರಿಗೋ ಜ್ವರ ಅಂತಲೇ ಅರ್ಥ. ಹಾಲಿನಲ್ಲಿ ಅದ್ದಿದ ಬ್ರೆಡ್ಡು, ಪಕ್ಕದಲ್ಲಿ ಮಾತ್ರೆ. ನಮ್ಮ ಅವ್ವನಿಗೆ ಎಂಬತ್ತು ದಾಟಿದೆ, ಇವತ್ತಿಗೂ ನಾನು ಒವನ್ ಹಚ್ಚಿದರೆ, "ಯಾರಿಗೆ ಹುಷಾರಿಲ್ಲೋ?" ಅಂತ ಒಳಗಿನಿಂದ ಕೇಳುತ್ತಾಳೆ.

ಈಗ ಬ್ರೆಡ್ಡಿಗೆ ಬರೋಣ. ಬೇರೆಲ್ಲದಕ್ಕಿಂತ ನನಗೆ ಪ್ರಿಯವಾದದ್ದು ಅದೇ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಮೈದಾ 300 ಗ್ರಾಂ, ಗೋಧಿ ಹಿಟ್ಟು 200 ಗ್ರಾಂ. ಒಟ್ಟು ಅರ್ಧ ಕಿಲೋ. ಉಪ್ಪು 10 ಗ್ರಾಂ, ಸಕ್ಕರೆ 20 ಗ್ರಾಂ, ಪುಡಿ ಈಸ್ಟ್ 5 ಗ್ರಾಂ, ಎಣ್ಣೆ ಅಥವಾ ಬೆಣ್ಣೆ 25 ಗ್ರಾಂ. ನೀರು ಸುಮಾರು 330 ಮಿಲಿಲೀಟರ್, ಹಿಟ್ಟು ಕುಡಿಯುವುದನ್ನು ನೋಡಿಕೊಂಡು ಒಂದೆರಡು ಚಮಚ ಆಚೀಚೆ. ತೂಕದ ಯಂತ್ರ ಇಟ್ಟುಕೊಳ್ಳಿ, ಲೋಟದ ಅಳತೆ ನಂಬಬೇಡಿ. ಅದೇ ಲೋಟಕ್ಕೆ ಹಿಟ್ಟನ್ನು ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು ತೂಕ.

ಕಲಸಿ ಹತ್ತು ಹನ್ನೆರಡು ನಿಮಿಷ ನಾದಬೇಕು. ಚಪಾತಿ ಹಿಟ್ಟಿಗೆ ಇಷ್ಟು ನಾದುವ ಅಭ್ಯಾಸ ನಮಗಿಲ್ಲ. ಇಲ್ಲಿ ಯಾಕೆ ಬೇಕು? ಗೋಧಿಯಲ್ಲಿ ಇರುವ ಎರಡು ಪ್ರೋಟೀನುಗಳು ನೀರು ಸೇರಿದಾಗ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಆಗುತ್ತವೆ. ನಾದಿದಷ್ಟೂ ಆ ಹೆಣಿಗೆ ಬಿಗಿಯಾಗುತ್ತದೆ. ನಾದಿದ ಹಿಟ್ಟಿನ ಒಂದು ಉಂಡೆ ತೆಗೆದು ಎರಡೂ ಕೈಯಿಂದ ಮೆಲ್ಲಗೆ ಹಿಗ್ಗಿಸಿ ಬೆಳಕಿಗೆ ಹಿಡಿಯಿರಿ. ಹರಿಯದೆ ತೆಳ್ಳಗಾಗಿ ಆಚೆಯ ಬೆಳಕು ಕಂಡರೆ ಸಾಕು. ನಮ್ಮ ಅಂಗಡಿಯಲ್ಲಿ ಒಳ್ಳೆಯ ನೂಲಿನ ಪಂಚೆಯನ್ನು ಕಿಟಕಿಗೆ ಹಿಡಿದು ನೇಯ್ಗೆ ನೋಡುತ್ತೇವಲ್ಲ, ಹಾಗೆ. ಆ ಹೊತ್ತಿನಲ್ಲಿ ಬೆರಳಿಗೆ ಆಗುವ ಸಂತೋಷವನ್ನು ಮಾತಿನಲ್ಲಿ ಹೇಳುವುದು ಕಷ್ಟ. ನಾದಲು ಶುರು ಮಾಡಿದಾಗ ಕೈಗೆಲ್ಲ ಅಂಟುವ, ಹರಿಯುವ ಮುದ್ದೆ ಅದು. ಎಂಟನೆಯ ನಿಮಿಷದ ಹೊತ್ತಿಗೆ ತನ್ನಷ್ಟಕ್ಕೆ ನುಣ್ಣಗಾಗುತ್ತದೆ, ಒತ್ತಿದರೆ ತಿರುಗಿ ಏಳುತ್ತದೆ.

ಆಮೇಲೆ ಮುಚ್ಚಿಟ್ಟು ಕಾಯಬೇಕು. ಈಸ್ಟ್ ಅನ್ನುವುದು ಜೀವಂತ ಕಣ. ಹುದುಗು ಬರುವುದು ಜೀವಿಗಳ ಕೆಲಸ ಅಂತ ಫ್ರಾನ್ಸಿನ ಲೂಯಿ ಪಾಶ್ಚರ್ 1850ರ ದಶಕದ ಕೊನೆಯಲ್ಲಿ ತೋರಿಸಿಕೊಟ್ಟರು. ಅಲ್ಲಿಯವರೆಗೂ ಸಾವಿರಾರು ವರ್ಷ ಜನ ಅದರ ಒಳಗುಟ್ಟು ತಿಳಿಯದೆಯೇ ಬ್ರೆಡ್ಡು ಮಾಡುತ್ತಿದ್ದರು, ನಮ್ಮ ಅಜ್ಜಿಯರು ದೋಸೆ ಹಿಟ್ಟು ಹುದುಗಿಸಿದ ಹಾಗೆಯೇ. ಆ ಕಣಗಳು ಹಿಟ್ಟಿನಲ್ಲಿರುವ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಗ್ಲುಟೆನ್ನಿನ ಹೆಣಿಗೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಟ್ಟು ಎರಡರಷ್ಟಾಗುತ್ತದೆ. ಎಷ್ಟು ಹೊತ್ತಿಗೆ? ಪುಸ್ತಕ ನೋಡಿದರೆ ಒಂದು ಗಂಟೆ ಅಂತ ಇರುತ್ತದೆ. ಅದು ಯಾವ ಊರಿನ ಗಂಟೆ? ನಮ್ಮಲ್ಲಿ ಏಪ್ರಿಲ್ಲಿನಲ್ಲಿ ಬಿಸಿಲು 37, 38 ಡಿಗ್ರಿ ಮುಟ್ಟುತ್ತದೆ. ಆಗ ಮುಕ್ಕಾಲು ಗಂಟೆಯೊಳಗೇ ಹಿಟ್ಟು ಪಾತ್ರೆಯ ಅಂಚಿಗೆ ಬಂದಿರುತ್ತದೆ. ಆ ತಿಂಗಳಲ್ಲಿ ಮಡಕೆಯ ತಣ್ಣೀರಿನಲ್ಲೇ ಕಲಸಬೇಕು. ಡಿಸೆಂಬರಿನ ಚಳಿಯಲ್ಲಿ ಅದೇ ಹಿಟ್ಟು ಎರಡು ಗಂಟೆ ಕೇಳುತ್ತದೆ, ಕಲಸುವ ನೀರು ಉಗುರು ಬೆಚ್ಚಗಿರಬೇಕು. ಕುದಿಯುವ ನೀರು ಮಾತ್ರ ಬೇಡ. 60 ಡಿಗ್ರಿ ಹತ್ತಿರ ಬಂದರೆ ಈಸ್ಟ್ ಸಾಯುತ್ತದೆ. ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಬೆರಳು ಒತ್ತಿದರೆ ಗುಳಿ ನಿಧಾನವಾಗಿ ಅರ್ಧ ತುಂಬಿಕೊಳ್ಳಬೇಕು.

ಒಮ್ಮೆ ಉಬ್ಬಿದ್ದನ್ನು ಮೆಲ್ಲಗೆ ಒತ್ತಿ ಗಾಳಿ ತೆಗೆದು, ಸುತ್ತಿ, ಟಿನ್ನಿಗೆ ಹಾಕಿ ಇನ್ನೊಂದು ಸಲ ಉಬ್ಬಲು ಬಿಡಬೇಕು. ಆಮೇಲೆ 190 ಡಿಗ್ರಿಗೆ ಮೊದಲೇ ಕಾಯಿಸಿದ ಒವನ್ನಿನಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ. ಒಳಗೆ ಹೋದ ಮೊದಲ ಹತ್ತು ನಿಮಿಷ ಹಿಟ್ಟು ಇನ್ನೊಂದಿಷ್ಟು ಮೇಲೇಳುತ್ತದೆ. ಆಮೇಲೆ ಪಿಷ್ಟ ಬೆಂದು ಗಟ್ಟಿಯಾಗುತ್ತದೆ. ಕೊನೆಯಲ್ಲಿ ಮೇಲ್ಮೈ 140 ಡಿಗ್ರಿ ದಾಟಿದಾಗ ಕಂದು ಬಣ್ಣ, ಅದರ ಜೊತೆಗೇ ಆ ಪರಿಮಳ. ಪ್ರೋಟೀನಿನ ಅಂಶ ಮತ್ತು ಸಕ್ಕರೆ ಸೇರಿ ಈ ಬಣ್ಣ, ಈ ವಾಸನೆ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವೈದ್ಯ ಮೇಯಾರ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಬೆಣ್ಣೆ ದೋಸೆಯ ಅಂಚು ಕೆಂಪಾಗುವುದೂ, ಹುರಿದ ಶೇಂಗಾ ಘಮ್ಮೆನ್ನುವುದೂ ಅದೇ ಕ್ರಿಯೆಯಿಂದ. ನಮ್ಮ ಮನೆಯಲ್ಲಿ ಈ ಹೊತ್ತಿಗೆ ವಾಸನೆ ಕಾಂಪೌಂಡು ದಾಟಿರುತ್ತದೆ. ಪಕ್ಕದ ಮನೆಯ ಹುಡುಗಿ ಗೇಟಿನ ಹತ್ತಿರ ನಿಂತು, "ಅಜ್ಜಾ, ಆತೇನು?" ಅಂತ ಕೂಗುತ್ತಾಳೆ. ಇನ್ನೂ ಆಗಿಲ್ಲ, ಯಾಕೆಂದರೆ ಹೊರತೆಗೆದ ಮೇಲೆ ಒಂದು ಗಂಟೆಯಾದರೂ ಆರಬೇಕು. ಬಿಸಿ ಇರುವಾಗ ಕತ್ತರಿಸಿದರೆ ಒಳಗೆ ಮುದ್ದೆಯಾಗುತ್ತದೆ.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ, ಸಂತೋಷ ಇರುವುದು ಈ ವಿವರದಲ್ಲೇ. ನನ್ನ ಅಂಗಡಿಯಲ್ಲಿ ನಾನು ಮಾರುವ ಬಟ್ಟೆಯ ಹತ್ತಿ ಯಾರೋ ಬೆಳೆದದ್ದು, ನೂಲು ಯಾರೋ ತೆಗೆದದ್ದು, ಎಲ್ಲೋ ನೇಯ್ದದ್ದು, ಮುಂದೆ ಹೊಲಿಯುವವರು ಇನ್ಯಾರೋ. ನಡುವೆ ಅಳೆದು, ಕತ್ತರಿಸಿ ಕೊಡುವುದಷ್ಟೇ ನನ್ನ ಪಾಲು. ಅದರಲ್ಲೂ ಸುಖವಿದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ವಸ್ತು ಮೊದಲಿನಿಂದ ಕೊನೆಯವರೆಗೂ ನನ್ನ ಕೈಯಲ್ಲೇ ರೂಪುಗೊಳ್ಳುವುದು, ನಾಲ್ಕು ಗಂಟೆಯಲ್ಲಿ ಪುಡಿ ಹೋಗಿ ಹೋಳಾಗುವುದು, ಆ ಅನುಭವ ನನಗೆ ಅಂಗಡಿಯಲ್ಲಿ ಸಿಗುವುದಿಲ್ಲ. ಇಲ್ಲಿರುವ ನಿಮ್ಮಲ್ಲಿ ಹೆಚ್ಚಿನವರ ಕೆಲಸವೂ ಹೀಗೇ ಇರಬಹುದು. ಬ್ಯಾಂಕಿನಲ್ಲಿರುವವರು, ಕಚೇರಿಯಲ್ಲಿರುವವರು, ದೊಡ್ಡ ಕೆಲಸದ ಒಂದು ತುಂಡನ್ನು ಮಾಡಿ ಮುಂದಿನ ಮೇಜಿಗೆ ಸರಿಸುವವರು. ನಿಮಗೆ ಈ ಹವ್ಯಾಸ ಹಿಡಿಸುತ್ತದೆ ಅಂತ ನನಗೆ ಅನ್ನಿಸುವುದು ಅದಕ್ಕೇ.

ಇಲ್ಲಿ ಒಂದು ಮಾತು ಗಂಡಸರಿಗೆ. ಅಡುಗೆಮನೆ ದಿನಾ ನಡೆಸುವವರು ಇನ್ನೊಬ್ಬರು. ನಾವು ವಾರಕ್ಕೊಮ್ಮೆ ಹೋಗಿ ಹಿಟ್ಟು ಚೆಲ್ಲಿ, ಏಳೆಂಟು ಪಾತ್ರೆ ಸಿಂಕಿಗೆ ಹಾಕಿ, ಬ್ರೆಡ್ಡು ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳಲು ಹೊರಗೆ ಬಂದರೆ ಅದು ಹವ್ಯಾಸವಾಗುವುದಿಲ್ಲ, ಹೆಂಡತಿಗೆ ಹೆಚ್ಚಿನ ಕೆಲಸ ಹಚ್ಚಿದ ಹಾಗಾಗುತ್ತದೆ. ಕಟ್ಟೆ ಒರೆಸಿ, ಪಾತ್ರೆ ತೊಳೆದು, ಟಿನ್ನಿಗೆ ತುಕ್ಕು ಹಿಡಿಯದ ಹಾಗೆ ಒಣಗಿಸಿ ಇಟ್ಟ ಮೇಲೇ ನನ್ನ ಭಾನುವಾರದ ಕೆಲಸ ಮುಗಿಯುವುದು. ಹೆಣ್ಣುಮಕ್ಕಳಿಗೂ ಒಂದು ಮಾತಿದೆ. ದಿನಾ ಮೂರು ಹೊತ್ತು ಬೇಯಿಸುವವರಿಗೆ ಮತ್ತೆ ಒಲೆಯ ಮುಂದೆಯೇ ಹವ್ಯಾಸ ಹುಡುಕಿ ಅಂತ ಹೇಳಲು ನನಗೆ ಸಂಕೋಚ. ಆದರೆ ನನ್ನ ತಂಗಿ ಹೇಳಿದ ಮಾತು ನನಗೆ ಸರಿ ಅನ್ನಿಸಿತು. "ಅನ್ನ ಸಾರು ಮಾಡದಿದ್ರೆ ಕೇಳ್ತಾರಣ್ಣ. ಬಿಸ್ಕತ್ತು ಮಾಡದಿದ್ರೆ ಯಾರೂ ಕೇಳಲ್ಲ. ಅದಕ್ಕೇ ಅದು ನಂದು." ಅವಳು ಹಿರಿಯೂರಿನಲ್ಲಿರುತ್ತಾಳೆ. ಈಗ ನನಗಿಂತ ಚೆನ್ನಾಗಿ ಮಾಡುತ್ತಾಳೆ.

ಇನ್ನು ಹಂಚುವ ವಿಷಯ. ಇದನ್ನು ದೊಡ್ಡ ಗುಣ ಅಂತ ನಾನು ಹೇಳುವುದಿಲ್ಲ. ಇದು ಆ ಕೆಲಸದ ಸ್ವಭಾವದಲ್ಲೇ ಇದೆ. ಅರ್ಧ ಕಿಲೋ ಹಿಟ್ಟಿನಿಂದ ಮುಕ್ಕಾಲು ಕಿಲೋ ಮೀರಿದ ಬ್ರೆಡ್ಡಾಗುತ್ತದೆ. ನಮ್ಮ ಮನೆಯಲ್ಲಿ ಮೂರು ಜನ. ಒವನ್ ಕಾಯಿಸಲು ಬೇಕಾಗುವ ಕರೆಂಟು ಒಂದು ಬ್ರೆಡ್ಡಿಗೂ ಎರಡು ಬ್ರೆಡ್ಡಿಗೂ ಹೆಚ್ಚು ಕಡಿಮೆ ಅಷ್ಟೇ, ಹಾಗಾಗಿ ಎರಡನ್ನು ಒಟ್ಟಿಗೇ ಇಡುತ್ತೇವೆ. ಅಂಗಡಿಯ ಬ್ರೆಡ್ಡಿಗೆ ಬೂಸ್ಟು ಹಿಡಿಯದ ಹಾಗೆ ಏನಾದರೂ ಸೇರಿಸಿರುತ್ತಾರೆ, ನಮ್ಮದಕ್ಕೆ ಅದಿಲ್ಲ. ಮಳೆಗಾಲದಲ್ಲಿ ಮೂರನೆಯ ದಿನಕ್ಕೆ ಕೆಡುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಬೂಸ್ಟು ತಡವಾಗಬಹುದು, ಆದರೆ ಅಲ್ಲಿನ ತಂಪಿನಲ್ಲಿ ಪಿಷ್ಟ ಬೇಗ ಬಿರುಸಾಗಿ ಬ್ರೆಡ್ಡು ಒಣಕಲಾಗುತ್ತದೆ. ಹಾಗಾದರೆ ಏನು ಮಾಡಬೇಕು? ಆವತ್ತೇ, ಹೆಚ್ಚೆಂದರೆ ಮರುದಿನ, ಕೊಟ್ಟುಬಿಡಬೇಕು. ಕೂಡಿಡಲು ಬಾರದ ವಸ್ತು ಅದು. ದಿನವಿಡೀ ದಾಸ್ತಾನಿನ ಲೆಕ್ಕದಲ್ಲಿರುವ ನನ್ನಂಥವನಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಅಂತ ನೀವು ಊಹಿಸಬಹುದು.

ಕೊಡುವುದು ನಮಗೆ ಹೊಸದೇನಲ್ಲ. ಸಂಕ್ರಾಂತಿಗೆ ಎಳ್ಳು ಬೀರುತ್ತೇವೆ. ಪಂಚಮಿಗೆ ಶೇಂಗಾ ಉಂಡೆ, ಎಳ್ಳುಂಡೆ, ತಂಬಿಟ್ಟು ಮನೆಯಿಂದ ಮನೆಗೆ ಓಡಾಡುತ್ತವೆ. ಹರಿಹರದಿಂದ ಆಚೆ, ಹಾವೇರಿ ಧಾರವಾಡದ ಕಡೆ ಪಂಚಮಿಯ ಹೊತ್ತಿಗೆ ಖಡಕ್ ಜೋಳದ ರೊಟ್ಟಿಯನ್ನೇ ಪಲ್ಯದ ಜೊತೆ ಹಂಚುವ ಹಬ್ಬವಿದೆ. ಎಂಥ ಸುಂದರ ಕಲ್ಪನೆ ನೋಡಿ. ಎಲ್ಲರ ಮನೆಯಲ್ಲೂ ಇರುವ ರೊಟ್ಟಿಯನ್ನೇ ಎಲ್ಲರಿಗೂ ಕೊಡುವುದು. ಕೊರತೆ ತುಂಬುವುದಕ್ಕೆ ಕೊಟ್ಟದ್ದಲ್ಲ ಅದು. ನಿಮ್ಮ ಮನೆಯ ಕೈರುಚಿ ನಮಗೆ ಗೊತ್ತಿರಲಿ, ನಮ್ಮದು ನಿಮಗೆ ಗೊತ್ತಿರಲಿ ಅಂತ ಕೊಟ್ಟದ್ದು.

ಕೊಡಲು ಹೊರಟ ಮೇಲೆ ನಾನು ಕಲಿತ ಮುಖ್ಯ ವಿಷಯ ಒಂದಿದೆ. ಗಿರಾಕಿಯ ಬಗ್ಗೆ ನನಗೆ ತಿಳಿಯಬೇಕಾದ್ದು ಅಳತೆ ಮತ್ತು ಬಜೆಟ್ಟು. ಬ್ರೆಡ್ಡು ಕೊಡುವವರ ಬಗ್ಗೆ ತಿಳಿಯಬೇಕಾದ್ದು ಬೇರೆಯೇ. ನಮ್ಮ ಪಕ್ಕದ ಅಂಗಡಿಯ ಜೈನ ಗೆಳೆಯರ ಮನೆಯಲ್ಲಿ ಈಸ್ಟ್ ಹಾಕಿದ್ದನ್ನು ತಿನ್ನುವುದಿಲ್ಲ, ಚಾತುರ್ಮಾಸದಲ್ಲಿ ಹೊತ್ತು ಮುಳುಗಿದ ಮೇಲೆ ಏನನ್ನೂ ಮುಟ್ಟುವುದಿಲ್ಲ. ಅವರಿಗೆ ನಾನ್‌ಖಟಾಯಿ, ಅದೂ ಸಂಜೆ ಐದರೊಳಗೆ ಮುಟ್ಟಬೇಕು. ನಮ್ಮಲ್ಲಿ ಪ್ಯಾಂಟು ಕಿರಿದು ಮಾಡಿಕೊಡುವ ದರ್ಜಿ ಚಾಚಾ ರಂಜಾನಿನಲ್ಲಿ ಹೊತ್ತು ಮುಳುಗುವವರೆಗೂ ಉಪವಾಸ. ಅವರಿಗೆ ಖರ್ಜೂರದ ಜೊತೆ ತಿನ್ನಲು ಹಾಲಿನಲ್ಲಿ ಕಲಸಿದ ಮೆತ್ತನೆಯ ಬನ್ನು, ಮಗ್ರಿಬ್ ಆಜಾನಿಗೆ ಸ್ವಲ್ಪ ಮುಂಚೆ. ಎದುರು ಮನೆಯ ನಿವೃತ್ತ ಮೇಷ್ಟ್ರಿಗೆ ಹಲ್ಲಿಲ್ಲ, ಅಂಚು ತೆಗೆದು ಕೊಡಬೇಕು. ಸೋಮವಾರ ಒಪ್ಪತ್ತು ಮಾಡುವವರಿದ್ದಾರೆ. ಸಕ್ಕರೆ ಕಾಯಿಲೆಯವರಿಗೆ, "ಸಕ್ಕರೆ ಹಾಕಿಲ್ಲ, ತಿನ್ರಿ" ಅಂತ ಧೈರ್ಯ ಹೇಳುವುದು ತಪ್ಪು. ಮೈದಾದ ಪಿಷ್ಟವೇ ರಕ್ತದಲ್ಲಿ ಸಕ್ಕರೆಯಾಗುತ್ತದೆ. ಅವರಿಗೆ ಗೋಧಿ ಹೆಚ್ಚಿಸಿ, ಶೇಂಗಾ ಅಗಸೆ ಸೇರಿಸಿ ಮಾಡಿದ್ದರಲ್ಲಿ ಒಂದೇ ಹೋಳು, ಅದೂ ಕೇಳಿ ಕೊಡುವುದು. ಇದಕ್ಕೆಲ್ಲ ಒಂದು ಸಣ್ಣ ನೋಟುಬುಕ್ಕು ಇಟ್ಟಿದ್ದೇನೆ. ಅದರಲ್ಲಿ ರೂಪಾಯಿಯ ಲೆಕ್ಕ ಒಂದೂ ಇಲ್ಲ. ಯಾರು ಏನು ತಿನ್ನುವುದಿಲ್ಲ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಮಗುವಿಗೆ ಶೇಂಗಾ ಆಗಿಬರುವುದಿಲ್ಲ, ಇಷ್ಟೇ. ಇಷ್ಟು ವರ್ಷ ಒಂದೇ ಬೀದಿಯಲ್ಲಿದ್ದ ಜನರ ಬಗ್ಗೆ ಈ ಪುಸ್ತಕ ಇಟ್ಟ ಮೇಲೆಯೇ ನನಗೆ ಹೆಚ್ಚು ತಿಳಿದದ್ದು.

ಈ ಮಾತು ಬಂದಾಗ ನನಗೆ ನೆನಪಾಗುವುದು ಬೇಕಿಂಗ್ ಪೌಡರಿನ ಹುಟ್ಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧದ ಅಂಗಡಿಯವರು. ಅವರ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಈಸ್ಟೂ ಆಗುತ್ತಿರಲಿಲ್ಲ. ಮೊಟ್ಟೆ ಇಲ್ಲದೆ ಕಸ್ಟರ್ಡ್ ಆಗಲಿ ಅಂತ 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಕಸ್ಟರ್ಡ್ ಪುಡಿ ಮಾಡಿದರು. ಈಸ್ಟ್ ಇಲ್ಲದೆ ಬ್ರೆಡ್ಡು ಉಬ್ಬಲಿ ಅಂತ 1843ರಲ್ಲಿ ಸೋಡಾ ಮತ್ತು ಹುಳಿಯ ಪುಡಿ ಬೆರೆಸಿ ಬೇಕಿಂಗ್ ಪೌಡರ್ ಮಾಡಿದರು. ಮುಂದೆ ಅದು ದೊಡ್ಡ ವ್ಯಾಪಾರವೇ ಆಯಿತು, ಆದರೆ ಶುರುವಾದದ್ದು ಮನೆಯಲ್ಲಿ ಒಬ್ಬಾಕೆ ಏನು ತಿನ್ನಲಾರಳು ಅನ್ನುವುದನ್ನು ಮನಸ್ಸಿಗೆ ಹಚ್ಚಿಕೊಂಡದ್ದರಿಂದ. ಇವತ್ತು ಮೊಟ್ಟೆ ಇಲ್ಲದ ಕೇಕು ಮಾಡುವ ನಾವೆಲ್ಲ ಆ ಮನೆಗೆ ಋಣಿಗಳು.

ಮೊಟ್ಟೆ ಇಲ್ಲದ ಕೇಕಿನ ಲೆಕ್ಕ ಕೇಳಿ ಇಬ್ಬರು ಚೀಟಿ ಕಳಿಸಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಗಟ್ಟಿ ಮೊಸರು 250 ಗ್ರಾಂ, ಸಕ್ಕರೆ 180 ಗ್ರಾಂ, ಇವೆರಡನ್ನೂ ಕರಗುವವರೆಗೆ ಕಡೆಯಿರಿ. ಎಣ್ಣೆ 120 ಮಿಲಿಲೀಟರ್. ಮೈದಾ 190 ಗ್ರಾಂ, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಸೋಡಾ ಅರ್ಧ ಟೀ ಚಮಚ, ಮೂರನ್ನೂ ಒಟ್ಟಿಗೆ ಜರಡಿ ಹಿಡಿದು ಸೇರಿಸಿ. ಬ್ರೆಡ್ಡಿಗೆ ನಾದಿದ ಹಾಗೆ ಇದನ್ನು ತಿರುವಬಾರದು, ಗ್ಲುಟೆನ್ ಇಲ್ಲಿ ಬೇಡ, ಹಿಟ್ಟು ಕಾಣದ ಹಾಗಾದರೆ ನಿಲ್ಲಿಸಿ. ಮೊಸರಿನ ಹುಳಿಗೆ ಸೋಡಾ ತಾಗಿದ ಕ್ಷಣದಿಂದ ಗುಳ್ಳೆ ಏಳುತ್ತವೆ, ಆ ಗುಳ್ಳೆ ಹೋಗುವ ಮುಂಚೆ ಒವನ್ನಿಗೆ ಹೋಗಬೇಕು. 180 ಡಿಗ್ರಿ, ಮೂವತ್ತೈದರಿಂದ ನಲವತ್ತು ನಿಮಿಷ. ಒವನ್ ಇಲ್ಲದವರು ಹಳೆಯ ದಪ್ಪ ತಳದ ಪಾತ್ರೆಗೆ ಒಂದಿಂಚು ಕಲ್ಲುಪ್ಪು ಅಥವಾ ತೊಳೆದು ಒಣಗಿಸಿದ ಮರಳು ಹರಡಿ, ಮೇಲೆ ಒಂದು ಸ್ಟ್ಯಾಂಡು ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ಆಮೇಲೆ ಕೇಕಿನ ಟಿನ್ನನ್ನು ಸ್ಟ್ಯಾಂಡಿನ ಮೇಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ದಿನಾ ಬಳಸುವ ಕುಕ್ಕರನ್ನು ಇದಕ್ಕೆ ಹಾಳು ಮಾಡಬೇಡಿ, ನೀರಿಲ್ಲದೆ ಕಾಯಿಸುವುದಕ್ಕೆ ಅದನ್ನು ಮಾಡಿಲ್ಲ.

ಡಬ್ಬಿಯ ಬಗ್ಗೆ ಹೇಳದೆ ಹೋದರೆ ಹಂಚುವ ಮಾತು ಪೂರ್ತಿಯಾಗುವುದಿಲ್ಲ. ಕೊಟ್ಟ ಡಬ್ಬಿಯನ್ನು ಬರಿದಾಗಿ ತಿರುಗಿ ಕೊಡಬಾರದು ಅನ್ನುವುದು ನಮ್ಮ ಹಿರಿಯರ ಪದ್ಧತಿ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕುತ್ತಾರೆ. ನನ್ನ ಡಬ್ಬಿಗಳೂ ಹಾಗೆ ತುಂಬಿಕೊಂಡೇ ಬಂದಿವೆ. ಗುರೆಳ್ಳು ಚಟ್ನಿಪುಡಿ, ಹಿತ್ತಲಿನ ನುಗ್ಗೆಕಾಯಿ, ಕರಿಬೇವು, ಚನ್ನಗಿರಿಯ ಕಡೆಯವರಿಂದ ಬಾಳೆಹಣ್ಣು. ಸಂತೋಷವೇ. ಆದರೆ ಒಂದು ಮನೆಯಲ್ಲಿ ಡಬ್ಬಿ ಮೂರು ವಾರ ತಿರುಗಿ ಬರಲಿಲ್ಲ. ಆ ತಾಯಿ ದಾರಿಯಲ್ಲಿ ಸಿಕ್ಕಾಗ ಕಣ್ಣು ತಪ್ಪಿಸುತ್ತಿದ್ದರು. ಅವರ ಮನೆಯಲ್ಲಿ ಆಗ ಕಷ್ಟದ ದಿನ, ಡಬ್ಬಿಗೆ ಏನು ಹಾಕಿ ಕೊಡುವುದು ಅನ್ನುವ ಸಂಕಟ ಅವರದು ಅಂತ ಆಮೇಲೆ ತಿಳಿಯಿತು. ಕೊಟ್ಟದ್ದು ಇನ್ನೊಬ್ಬರಿಗೆ ಭಾರವಾಗಬಾರದು. ಆಗಿನಿಂದ ನಾನು ಡಬ್ಬಿಯಲ್ಲಿ ಕೊಡುವುದನ್ನು ಬಿಟ್ಟಿದ್ದೇನೆ. ಬಟರ್ ಪೇಪರಿನಲ್ಲಿ ಸುತ್ತಿ ದಾರ ಕಟ್ಟುತ್ತೇನೆ, ಇಲ್ಲವೇ ಬಾಳೆ ಎಲೆ. ಎಸೆದರೆ ಮುಗಿಯಿತು, ತಿರುಗಿ ಕೊಡುವ ಮಾತೇ ಇಲ್ಲ. ಹಳೆಯ ಪೇಪರಿನಲ್ಲಿ ಮಾತ್ರ ಸುತ್ತಬೇಡಿ. ಅಚ್ಚಿನ ಶಾಯಿ ಎಣ್ಣೆಯ ಪದಾರ್ಥಕ್ಕೆ ಇಳಿಯುತ್ತದೆ, ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ಬೇಡ ಅಂದಿದೆ.

ಹಾಗಾದರೆ ನನಗೆ ಏನು ಸಿಗುತ್ತದೆ ಅಂತ ನೀವು ಕೇಳಬಹುದು. ಹೊಗಳಿಕೆ ಸಿಗುತ್ತದೆ, ಅದು ಇಷ್ಟವಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹೊಗಳಿಕೆಗಿಂತ ನನಗೆ ಬೇಕಾದ್ದು, "ಹೋದ ಸಲದ್ದು ಸ್ವಲ್ಪ ಉಪ್ಪು ಮುಂದಾಗಿತ್ತು ನೋಡ್ರಿ" ಅನ್ನುವ ಮಾತು. ಕೊಂಡವರು ಹಾಗೆ ಅಂದರೆ ಅದು ದೂರು, ದುಡ್ಡು ವಾಪಸ್ಸು ಕೊಡಬೇಕು. ನೆರೆಯವರು ಹಾಗೆ ಅಂದರೆ ಅದು ಸಲಿಗೆ, ಮುಂದಿನ ವಾರವೂ ತಿನ್ನುತ್ತೇವೆ ಅನ್ನುವ ಭರವಸೆ. ನನ್ನ ಅಂಗಡಿಯ ಹುಡುಗರು ನನ್ನ ಜೊತೆ ಸಂಬಳ, ರಜೆ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಸೋಮವಾರ ನಾಲ್ಕರ ಚಹಾಕ್ಕೆ ಬ್ರೆಡ್ಡು ತರಲು ಶುರು ಮಾಡಿದ ಮೇಲೆ ಒಬ್ಬ ಚಳ್ಳಕೆರೆಯಿಂದ ತನ್ನ ಹೊಲದ ಶೇಂಗಾ ತಂದ. "ಇದನ್ನ ಹಾಕಿ ಮಾಡ್ರಿ ಯಜಮಾನ್ರೆ" ಅಂದ. ಹುರಿದು ತರಿತರಿ ಕುಟ್ಟಿ, ರಾಗಿ ಹಿಟ್ಟಿನ ಜೊತೆ ಹಾಕಿದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಹಾಗಾಗಿ ಹತ್ತಕ್ಕೆ ಎರಡು ಪಾಲು ಮೀರಿದರೆ ಬ್ರೆಡ್ಡು ಏಳುವುದಿಲ್ಲ, ಉಳಿದದ್ದು ಗೋಧಿ ಮೈದಾ ಇರಲೇಬೇಕು. ಬಿಸ್ಕತ್ತಿಗೆ ಈ ಕಟ್ಟು ಇಲ್ಲ. ಅಲ್ಲಿ ರಾಗಿ ಅರ್ಧದಷ್ಟು ಹಾಕಿದರೂ ನಡೆಯುತ್ತದೆ, ನವಣೆ, ಸಜ್ಜೆ ಕೂಡ. ಚಿತ್ರದುರ್ಗದ ಕಡೆಯ ಈ ಧಾನ್ಯಗಳಿಗೂ ಬೆಲ್ಲಕ್ಕೂ ತುಪ್ಪಕ್ಕೂ ಒವನ್ನಿನ ಶಾಖದಲ್ಲಿ ಎಂಥ ಹೊಂದಾಣಿಕೆ ಇದೆ ಅಂತ ಮಾಡಿಯೇ ನೋಡಬೇಕು. ಬೆಲ್ಲ ಹಾಕಿದರೆ ಮಾತ್ರ ಉರಿ ಹತ್ತು ಡಿಗ್ರಿ ಇಳಿಸಿ, ಬೇಗ ಕಪ್ಪಾಗುತ್ತದೆ.

ಎಲ್ಲಿಂದ ಶುರು ಮಾಡುವುದು ಅಂತ ಹಿಂದಿನ ಸಾಲಿನವರು ಕೇಳುತ್ತಿದ್ದಾರೆ. ನಾನ್‌ಖಟಾಯಿಯಿಂದ ಮಾಡಿ. ಈಸ್ಟಿನ ಚಿಂತೆ ಇಲ್ಲ, ಉಬ್ಬುವುದನ್ನು ಕಾಯುವುದೂ ಇಲ್ಲ. ತುಪ್ಪ 100 ಗ್ರಾಂ, ಕರಗಿಸಬೇಡಿ, ಹರಳುಗಟ್ಟಿದ ಹಾಗೇ ಇರಲಿ. ಬೆಣ್ಣೆಯಲ್ಲಿ ನೀರಿನಂಶ ಇರುತ್ತದೆ, ಅದಕ್ಕೇ ತುಪ್ಪ. ಪುಡಿ ಸಕ್ಕರೆ 90 ಗ್ರಾಂ ಸೇರಿಸಿ ಬಿಳಿಚಿಕೊಳ್ಳುವವರೆಗೆ ಕೈಯಿಂದ ತಿಕ್ಕಿ. ಮೈದಾ 130, ಕಡಲೆ ಹಿಟ್ಟು 50, ಚಿರೋಟಿ ರವೆ 20 ಗ್ರಾಂ, ಏಲಕ್ಕಿ, ಚಿಟಿಕೆ ಉಪ್ಪು, ಕಾಲು ಟೀ ಚಮಚ ಸೋಡಾ. ಉಂಡೆ ಕಟ್ಟಿ, ಸ್ವಲ್ಪ ಚಪ್ಪಟೆ ಮಾಡಿ, 165 ಡಿಗ್ರಿಯಲ್ಲಿ ಹದಿನೈದರಿಂದ ಹದಿನೆಂಟು ನಿಮಿಷ. ಹೊರಗೆ ತೆಗೆದಾಗ ಮೆತ್ತಗೆ ಅನ್ನಿಸುತ್ತವೆ, ಬೇಯಲಿಲ್ಲ ಅಂದುಕೊಂಡು ಮತ್ತೆ ಒಳಗೆ ಇಡಬೇಡಿ, ಆರಿದ ಮೇಲೆ ಗಟ್ಟಿಯಾಗುತ್ತವೆ. ಇಪ್ಪತ್ತರ ಹತ್ತಿರ ಆಗುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಹತ್ತು ದಿನ ಏನೂ ಆಗುವುದಿಲ್ಲ, ಬಸ್ಸಿನ ಕುಲುಕಾಟಕ್ಕೂ ಬೇಗ ಮುರಿಯುವುದಿಲ್ಲ. ತಂಗಿಗೆ ನಾನು ಹಿರಿಯೂರಿಗೆ ಕಳಿಸುವುದು ಇವನ್ನೇ. ಅವಳು ಅಲ್ಲಿಂದ ನವಣೆಯದ್ದು ಕಳಿಸುತ್ತಾಳೆ. ಈ ಸಲ ಅವಳದ್ದರಲ್ಲಿ ಏಲಕ್ಕಿ ಜೊತೆ ಜಾಯಿಕಾಯಿ ಇತ್ತು, ಎಷ್ಟು ಹಾಕಿದೆ ಅಂತ ಕೇಳಬೇಕು.